ಆಟದ ಡಬ್ಬಿಗೂ ಒಬ್ಬ ಎಮ್ಮೆಲ್ಲೆ ಬೇಕು

ಮೇಲವಂಕಿಯಲ್ಲಿ ಕೂತು ಪ್ಲೇಸ್ಟೇಷನ್ ಬಗ್ಗೆ ವಾದ ಹೂಡುವುದು ಮರ್ಯಾದಸ್ಥರ ಕೆಲಸವಲ್ಲ ಎಂಬುದು ನನಗೂ ಗೊತ್ತು. ಕಬ್ಬಿನ ಬಿಲ್ಲು, ಕಾಲುವೆಯ ನೀರು, ತ್ರೀ ಫೇಸ್ ಕರೆಂಟು, ಈ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಬಾಯಿ ಹಾಕಿದವನಿಗೆ ಈ ಕಡೆ ‘ಇಂವಗ ಮಾಡಾಕ ಕೆಲಸಿಲ್ಲ’ ಎಂಬ ಸರ್ಟಿಫಿಕೇಟು ಪುಕ್ಕಟೆ ಸಿಗುತ್ತದೆ. ಸಿಗಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನೂ ಯಾರಾದರೂ ಮುಖಕ್ಕೆ ಎಸೆಯುತ್ತಾರೆ. ಎಸೆಯಲಿ, ಮಲ್ಲಿಗೆ ಹೂವಿಗೆ ಜಿಎಸ್‌ಟಿ ಇಲ್ಲ, ಜುಟ್ಟಿಗೆ ಮುಡಿಯುವವರು ಆರಾಮಾಗಿ ಮುಡಿಯಬಹುದು. ನನ್ನ ತಕರಾರಿರುವುದು ತೆರಿಗೆ ಬಿದ್ದ ಸಾಮಾನಿನ ಬಗ್ಗೆ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಡಬ್ಬಿ ಈ ದೇಶದಲ್ಲಿ ತಡವಾಗಿ ಬರುತ್ತದೆ, ತುಟ್ಟಿಯಾಗಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಇದಕ್ಕೆ ಕಾರಣ ಕಾರ್ಖಾನೆ, ಹಡಗು, ಚಿಪ್ಪು ಎಂದೆಲ್ಲ ತಿಳಿದವರು ಹೇಳುತ್ತಾರೆ. ನನ್ನ ವಾದ ಬೇರೆ. ಎಲೆಕ್ಟ್ರಾನಿಕ್ ಸಾಮಾನೊಂದು ಜನರ ಮನೆಗೆ ಮುಟ್ಟಬೇಕಾದರೆ ಅಂಗಡಿ ಇದ್ದರೆ ಸಾಲದು, ರಾಜಕೀಯದಲ್ಲಿ ಅದರ ಕಡೆಯವರು ಒಬ್ಬರಾದರೂ ಇರಬೇಕು. ಟಿವಿಗೆ ಇದ್ದರು, ಮಿಕ್ಸರಿಗೆ ಇದ್ದರು, ಮೊಬೈಲಿಗಂತೂ ಎಲ್ಲ ಪಕ್ಷದವರೂ ಇದ್ದಾರೆ. ಆಟದ ಡಬ್ಬಿಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ.

ಟಿವಿಯನ್ನೇ ತಗೊಳ್ಳಿ. 2006ರಲ್ಲಿ ತಮಿಳುನಾಡಿನಲ್ಲಿ ಡಿಎಂಕೆ ಬಣ್ಣದ ಟಿವಿಯನ್ನು ಪ್ರಣಾಳಿಕೆಯಲ್ಲಿ ಬರೆದು ಗೆದ್ದಿತು, ಗೆದ್ದ ಮೇಲೆ ಹಂಚಿತು. 2011ರಲ್ಲಿ ಜಯಲಲಿತಾ ಮಿಕ್ಸರ್, ಗ್ರೈಂಡರ್, ಫ್ಯಾನು ಮೂರನ್ನೂ ಒಟ್ಟಿಗೆ ಕಣಕ್ಕಿಳಿಸಿದರು, ಜೊತೆಗೆ ಹುಡುಗರಿಗೆ ಲ್ಯಾಪ್‌ಟಾಪು. ಇದು ಮತದಾರರಿಗೆ ಕೊಡುವ ಲಂಚವಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಣಾಳಿಕೆಯ ಭರವಸೆ ಚುನಾವಣಾ ಕಾನೂನಿನ ಪ್ರಕಾರ ಭ್ರಷ್ಟಾಚಾರವಾಗುವುದಿಲ್ಲ ಎಂದು 2013ರ ಜುಲೈ 5ರಂದು ತೀರ್ಪು ಬಂತು. ಅಲ್ಲಿಗೆ ಮಿಕ್ಸರು ದೆಹಲಿಯ ತನಕ ಹೋಗಿ ಗೆದ್ದು ಬಂದ ಹಾಗಾಯಿತು. ನಮ್ಮ ಬೆಳಗಾವಿ ಜಿಲ್ಲೆಯಲ್ಲೇನು ಕಡಿಮೆ ಇತ್ತೇ? 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಇಲ್ಲಿನ ವೇದಿಕೆಗಳ ಮೇಲೆ ಕುಕ್ಕರು ಮಿಕ್ಸರುಗಳ ಮಾತು ಎಷ್ಟು ನಡೆಯಿತೆಂದರೆ, ಅಭ್ಯರ್ಥಿಗಳು ಯಾರು, ಪಾತ್ರೆಗಳು ಯಾವುವು ಎಂಬುದೇ ಕೆಲವು ಸಲ ಗೊಂದಲವಾಗುತ್ತಿತ್ತು. ತೆರಿಗೆಯ ಕಡೆಯಿಂದಲೂ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಟಿವಿಗೆ ಶೇ 28 ಇತ್ತು. 2018ರ ಜುಲೈನಲ್ಲಿ 68 ಸೆಂಟಿಮೀಟರಿನವರೆಗಿನ ಟಿವಿಗೆ 18 ಆಯಿತು, 2019ರ ಜನವರಿ 1ರಿಂದ 32 ಇಂಚಿನವರೆಗಿನದಕ್ಕೆ ಆಯಿತು, 2025ರ ಸೆಪ್ಟೆಂಬರ್ 22ರಿಂದ ಉಳಿದ ದೊಡ್ಡ ಟಿವಿಗಳಿಗೂ ಆಯಿತು. ಇಂಚಿಂಚಾಗಿ ಇಳಿದ ತೆರಿಗೆ ಎಂದರೆ ಇದೇ. ಪ್ರತಿ ಇಂಚಿನ ಹಿಂದೆಯೂ ಒಂದು ಕುಟುಂಬ, ಒಂದು ಧಾರಾವಾಹಿ, ನಾಲ್ಕು ಓಟು ಇವೆ ಎಂಬ ಲೆಕ್ಕ ಹಾಕಿದವರು ಯಾರೋ ಇದ್ದರು.

ಅದೇ 2019ರ ಜನವರಿ 1ರಂದು ವಿಡಿಯೋ ಗೇಮ್ ಡಬ್ಬಿಯ ಜಿಎಸ್‌ಟಿಯೂ 28ರಿಂದ 18ಕ್ಕೆ ಇಳಿಯಿತು. ಹಾಗಾದರೆ ನಿನ್ನ ವಾದ ಇಲ್ಲಿಗೇ ಮುಗಿಯಿತಲ್ಲ ತಮ್ಮಾ ಎಂದು ಯಾರಾದರೂ ಅನ್ನಬಹುದು. ಮುಗಿಯಲಿಲ್ಲ. 2018ರ ಫೆಬ್ರುವರಿಯ ಬಜೆಟ್ಟಿನಲ್ಲಿ ಇದೇ ಡಬ್ಬಿಯ ಆಮದು ಸುಂಕವನ್ನು 10ರಿಂದ 20ಕ್ಕೆ ಏರಿಸಿಯಾಗಿತ್ತು. ವರ್ಷದ ಆರಂಭದಲ್ಲಿ ಬಂದರಿನಲ್ಲಿ ಕಸಿದುಕೊಂಡದ್ದನ್ನು ವರ್ಷದ ಕೊನೆಗೆ ಅಂಗಡಿಯಲ್ಲಿ ಹಿಂತಿರುಗಿಸಿದರು, ಅದನ್ನೂ ಪವರ್ ಬ್ಯಾಂಕು, ಕ್ಯಾಮೆರಾಗಳ ಸಾಲಿನಲ್ಲಿ ಸೇರಿಸಿ. ಟಿವಿ ಇಳಿದದ್ದು ಪತ್ರಿಕೆಯ ತಲೆಬರಹವಾಯಿತು. ಡಬ್ಬಿ ಟಿವಿಯ ಹಿಂದೆ ವಯರು ಹಿಡಿದುಕೊಂಡು ಇಳಿಯಿತು.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು, ಏಕೆಂದರೆ ಸುಂಕದ ಪಟ್ಟಿಯನ್ನು ಖುಷಿಗಾಗಿ ಓದುವುದು ಒಂದು ಚಟ, ಅದನ್ನು ಹೊರಗೆ ಹೇಳಿಕೊಳ್ಳುವುದು ಇನ್ನೂ ಕೆಟ್ಟದ್ದು. ಕಸ್ಟಮ್ಸಿನವರ ಪಟ್ಟಿಯಲ್ಲಿ ಲೋಕದ ಸಕಲ ವಸ್ತುಗಳಿಗೂ ಜಾಗ ಗೊತ್ತಾಗಿದೆ. ಒಂದನೆಯ ಅಧ್ಯಾಯದಲ್ಲಿ ಜೀವಂತ ಪ್ರಾಣಿಗಳು, 97ರಲ್ಲಿ ಕಲಾಕೃತಿಗಳು, ಪುರಾತನ ವಸ್ತುಗಳು. ಕಂಪ್ಯೂಟರು 84ರಲ್ಲಿ, ಟಿವಿ ಮೊಬೈಲು 85ರಲ್ಲಿ, ಎಲ್ಲ ಸಭ್ಯರ ಓಣಿ. 95ನೆಯ ಅಧ್ಯಾಯಕ್ಕೆ ಕಾಲಿಟ್ಟರೆ ಮಾತ್ರ ಸೀದಾ ಜಾತ್ರೆಗೆ ಬಂದ ಹಾಗೆ. 9503ರಲ್ಲಿ ಗೊಂಬೆಗಳು, ಮಕ್ಕಳ ಮೂರು ಗಾಲಿ ಸೈಕಲ್ಲು. 9505ರಲ್ಲಿ ಹಬ್ಬದ ಅಲಂಕಾರ, ಜಾದೂಗಾರನ ಸಾಮಾನು. 9507ರಲ್ಲಿ ಮೀನು ಹಿಡಿಯುವ ಗಾಳ, ಅದರ ಜೊತೆಗೆ ಬೇಟೆಗಾರರು ನಿಜವಾದ ಹಕ್ಕಿಯನ್ನು ಮರುಳು ಮಾಡಲು ಇಡುವ ಸುಳ್ಳು ಹಕ್ಕಿ. 9508ರಲ್ಲಿ ತಿರುಗುವ ತೊಟ್ಟಿಲು, ಜೋಕಾಲಿ, ಬಂದೂಕಿನಿಂದ ಗುರಿ ಹೊಡೆಯುವ ಅಂಗಡಿ, ಊರೂರು ಅಲೆಯುವ ಸರ್ಕಸ್ಸು. ಇಷ್ಟರ ನಡುವೆ 9504ರಲ್ಲಿ ಬಿಲಿಯರ್ಡ್ಸ್ ಟೇಬಲ್ಲು, ಕ್ಯಾಸಿನೋದ ಜೂಜಿನ ಟೇಬಲ್ಲು, ಇಸ್ಪೀಟ್ ಎಲೆ, ಇವುಗಳ ಮಗ್ಗುಲಲ್ಲಿ ಕೂತಿದೆ ನಮ್ಮ ಪ್ಲೇಸ್ಟೇಷನ್. ಎಂಟು ಕೋರಿನ ಎಎಂಡಿ ಪ್ರೊಸೆಸರ್ ಹೊಟ್ಟೆಯಲ್ಲಿಟ್ಟುಕೊಂಡು ಆ ಬಡಪಾಯಿ ಒಂದು ಕಡೆ ಗೊಂಬೆ, ಇನ್ನೊಂದು ಕಡೆ ಜಾದೂಗಾರನ ಟೋಪಿ, ಇವುಗಳ ನಡುವೆ ಮುದುಡಿ ಕೂತಿದೆ, ತೊಟ್ಟಿಲಿನವನು ‘ಬರ್ರಿ ಬರ್ರಿ’ ಎಂದು ಕೂಗುತ್ತಿದ್ದಾನೆ. ಅದೇ ಎಎಂಡಿಯ ಪ್ರೊಸೆಸರನ್ನು ಕೀಬೋರ್ಡಿನ ಕೆಳಗಿಟ್ಟು ಲ್ಯಾಪ್‌ಟಾಪ್ ಎಂದು ಹೆಸರಿಟ್ಟರೆ ಮೂಲ ಆಮದು ಸುಂಕ ಸೊನ್ನೆ. ಜಾಯ್‌ಸ್ಟಿಕ್ ಕೊಟ್ಟು ಪ್ಲೇಸ್ಟೇಷನ್ ಎಂದರೆ ಶೇ 20. ಸುಂಕ ಬೀಳುವುದು ಯಂತ್ರದ ಮೇಲಲ್ಲ, ಅದರ ಮುಂದೆ ಕೂತವನ ಖುಷಿಯ ಮೇಲೆ.

ಈ ಅಪಮಾನ ಸೋನಿಗೆ ಅರ್ಥವಾಗಿರಲಿಲ್ಲ ಎಂದುಕೊಳ್ಳಬೇಡಿ. ಯುರೋಪಿಗೆ ಪ್ಲೇಸ್ಟೇಷನ್ 2 ಕಳಿಸುವಾಗ ಅದರ ಜೊತೆಗೆ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ತಂತ್ರಾಂಶವನ್ನೂ ಇಟ್ಟು, ಇದು ಆಟದ ಸಾಮಾನಲ್ಲ ಸ್ವಾಮಿ, ಕಂಪ್ಯೂಟರು ಎಂದು ಆ ಕಂಪನಿ ವಾದಿಸಿತು. ಪ್ರಕರಣ ಅಲ್ಲಿನ ಕೋರ್ಟಿಗೂ ಹೋಯಿತು. ಜಗತ್ತಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು ತನ್ನ ಕೂಸಿನ ಜಾತಿ ಬದಲಿಸಿಕೊಡಿ ಎಂದು ಕಚೇರಿ ಅಲೆದ ಕಥೆ ಇದು. ತಹಸೀಲ್ದಾರ ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಸಾಲು ನಿಂತವರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಇಸ್ಪೀಟಿನ ವಿಷಯ ಇನ್ನೂ ಸೊಗಸಾಗಿದೆ. 2017ರ ಜಿಎಸ್‌ಟಿಯಲ್ಲಿ ಇಸ್ಪೀಟ್ ಎಲೆ, ಚದುರಂಗ, ಕೇರಂ, ಲೂಡೋ ಒಟ್ಟಿಗೆ ಶೇ 12ರಲ್ಲಿ ಇದ್ದವು, 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿದವು. ಆಟದ ಡಬ್ಬಿ ಇದ್ದಲ್ಲೇ 18ರಲ್ಲಿ ಉಳಿಯಿತು. ಕೇರಂ, ಚದುರಂಗ ಇಳಿದದ್ದಕ್ಕೆ ನನ್ನದೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಇಸ್ಪೀಟು? ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನವರು ಎದೆ ಮುಟ್ಟಿ ಹೇಳಲಿ, ಈ ಸೀಮೆಯಲ್ಲಿ ಹೊಲ ಮಾರಿಸಿದ್ದು ಯಾವುದು, ವಿಡಿಯೋ ಗೇಮೋ ಅಂದರ್ ಬಾಹರೋ? ಪೊಲೀಸರು ಅಡ್ಡೆಯ ಮೇಲೆ ದಾಳಿ ಮಾಡಿದ ಸುದ್ದಿಯಲ್ಲಿ ‘ಇಷ್ಟು ನಗದು, 52 ಇಸ್ಪೀಟ್ ಎಲೆ ವಶ’ ಎಂದು ಬರುತ್ತದೆ. ಎಲೆ ಒಂದೂ ತಪ್ಪಿಸಿಕೊಂಡಿರುವುದಿಲ್ಲ, ಆಡುತ್ತಿದ್ದವರಲ್ಲಿ ನಾಲ್ಕು ಜನ ಪರಾರಿ. ಪೊಲೀಸ್ ಇಲಾಖೆ ಹಿಡಿಯುವ ಸಾಮಾನಿಗೆ ತೆರಿಗೆ ಇಲಾಖೆ ರಿಯಾಯಿತಿ ಕೊಡುತ್ತದೆ. ಯಾಕೆ? ಇಸ್ಪೀಟು ಆಡುವವರಿಗೆ ಓಟಿದೆ, ಆಡಿಸುವವರಿಗೆ ಪ್ರಭಾವವಿದೆ. ಬೇರೆ ಕಾರಣವಿದ್ದರೆ ತಿಳಿದವರು ಹೇಳಲಿ. ಗಡಿಯಾಚೆಯ ಉದಾಹರಣೆಯೂ ಇದೆ. 2025ರ ಜುಲೈನಲ್ಲಿ ಮಹಾರಾಷ್ಟ್ರದ ಕೃಷಿ ಮಂತ್ರಿ ಮಾಣಿಕರಾವ್ ಕೋಕಾಟೆ ಸದನದಲ್ಲಿ ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದಾರೆ ಎಂದು ವಿಡಿಯೋ ಹರಿದಾಡಿತು. ಆಟ ತಾನಾಗಿ ತೆರೆದುಕೊಂಡಿತ್ತು, ಮುಚ್ಚುತ್ತಿದ್ದೆ ಎಂದು ಅವರು ಹೇಳಿದರು, ಇರಬಹುದು. ಗದ್ದಲವಾಗಿ ಅವರ ಖಾತೆ ಹೋಯಿತು. ಬದಲಿಗೆ ಬಂದ ಖಾತೆ ಯಾವುದು ಗೊತ್ತೇನ್ರೀ? ಕ್ರೀಡೆ. ಸರ್ಕಾರಗಳಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಈ ಆದೇಶವನ್ನು ಓದಿಲ್ಲ.

ಬೆಲೆಗೆ ಬರೋಣ. ಪ್ಲೇಸ್ಟೇಷನ್ 5 ಅಮೆರಿಕ, ಜಪಾನಿನಲ್ಲಿ 2020ರ ನವೆಂಬರ್ 12ಕ್ಕೆ ಬಂತು, ಭಾರತಕ್ಕೆ 2021ರ ಫೆಬ್ರುವರಿ 2ಕ್ಕೆ. ಅಲ್ಲಿ 499 ಡಾಲರ್, ಆಗಿನ ದರದಲ್ಲಿ ಸುಮಾರು ಮೂವತ್ತಾರೂವರೆ ಸಾವಿರ ರೂಪಾಯಿ. ಇಲ್ಲಿ 49,990. ನೂರು ರೂಪಾಯಿಯ ಸಾಮಾನಿಗೆ 20 ಸುಂಕ, ಸುಂಕದ ಮೇಲೆ ಸಮಾಜ ಕಲ್ಯಾಣದ ಮೇಲ್ತೆರಿಗೆ 2, ಎಲ್ಲ ಸೇರಿದ ಮೇಲೆ ಶೇ 18ರ ಜಿಎಸ್‌ಟಿ. ನೂರು ಹೋಗಿ ಹತ್ತಿರ ಹತ್ತಿರ 144 ಆಗುತ್ತದೆ. ಬಂದರಿನ ಬೆಲೆಗೂ ಅಂಗಡಿಯ ಬೆಲೆಗೂ ವ್ಯತ್ಯಾಸವಿದೆ, ಒಪ್ಪಿದೆ, ಆದರೂ ಹೆಚ್ಚಿದ ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಪಂಚಾಂಗ ತೆರೆಯಬೇಕಿಲ್ಲ. 2022ರಲ್ಲಿ ಅದರ ಬೆಲೆ 54,990 ಆಯಿತು. ನಮ್ಮ ಅಳತೆಯಲ್ಲಿ ಹೇಳಬೇಕೆಂದರೆ, 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗಿಳಿದು, ಟನ್ನಿಗೆ 3,500 ಕೇಳಿ, ಕೊನೆಗೆ 3,300ಕ್ಕೆ ನಿಂತಿತಲ್ಲ, ಆ ಲೆಕ್ಕದಲ್ಲಿ ಹದಿನೇಳು ಟನ್ನಿಗೆ ಚೂರು ಕಡಿಮೆ ಕಬ್ಬು. ಒಂದು ಡಬ್ಬಿಗೆ ಹದಿನೇಳು ಟನ್! ಕಬ್ಬಿನ ದರ ಏರಿಸಲು ರಸ್ತೆಯಲ್ಲಿ ಕೂರುವವರಿದ್ದಾರೆ, ಡಬ್ಬಿಯ ದರ ಇಳಿಸಲು ಸೋಫಾದಿಂದ ಏಳುವವರಿಲ್ಲ. ವಾದದ ಪೂರ್ತಿ ಬಲ ಇಲ್ಲಿದೆ, ಪೂರ್ತಿ ನಾಚಿಕೆಯೂ ಇಲ್ಲಿದೆ.

2021ರಲ್ಲಿ ಚಿಪ್ಪಿನ ಅಭಾವ ಇಡೀ ಜಗತ್ತಿಗಿತ್ತು, ಅದಕ್ಕೂ ರಾಜಕೀಯಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಅಭಾವ ಇದ್ದದ್ದು ನಿಜ. ಜನವರಿ 12ರಂದು ಇಲ್ಲಿ ಪ್ಲೇಸ್ಟೇಷನ್ 5ರ ಮುಂಗಡ ಬುಕಿಂಗ್ ತೆರೆದರೆ ನಿಮಿಷಗಳಲ್ಲಿ ಖಾಲಿಯಾಯಿತು, ಅದೂ ನಿಜ. ಆದರೆ ಅಭಾವ ಬಂದಾಗ ಇರುವ ಸರಕು ಯಾರ ಕಡೆ ಹರಿಯುತ್ತದೆ ಎಂಬುದು ಚಿಪ್ಪಿನ ಪ್ರಶ್ನೆಯಲ್ಲ. ನಿಂಟೆಂಡೊ ಸ್ವಿಚ್ 2017ರಲ್ಲಿ ಬಂದ ಯಂತ್ರ, ಅದರ ತಮ್ಮ ಸ್ವಿಚ್ 2 ಬಂದದ್ದು 2025ರ ಜೂನ್ 5ಕ್ಕೆ. ಎರಡನ್ನೂ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲೇ ಇಲ್ಲ. ಇಲ್ಲಿ ಕಂಡದ್ದೆಲ್ಲ ಹೊರದೇಶದಿಂದ ಸುತ್ತುಬಳಸಿ ಬಂದ ಮಾಲು, ಕೆಟ್ಟರೆ ಯಾರೂ ಕೇಳುವವರಿಲ್ಲ. ಇನ್ನು ಅಮೆರಿಕದವರೇನು ಸುಖವಾಗಿದ್ದಾರೆಯೇ? 2025ರ ಏಪ್ರಿಲ್ 2ರಂದು ಟ್ರಂಪ್ ಬಹುತೇಕ ಎಲ್ಲ ದೇಶಗಳ ಮೇಲೆ ಸುಂಕ ಘೋಷಿಸಿದಾಗ ನಿಂಟೆಂಡೊ ಅಲ್ಲಿನ ಮುಂಗಡ ಬುಕಿಂಗನ್ನೇ ಮುಂದೂಡಿತು. ಹತ್ತು ದಿನ ಕಳೆಯುವಷ್ಟರಲ್ಲಿ ಮೊಬೈಲು, ಕಂಪ್ಯೂಟರುಗಳಿಗೆ ವಿನಾಯಿತಿ ಸಿಕ್ಕಿತು. ಆಟದ ಡಬ್ಬಿಗೆ ಸಿಗಲಿಲ್ಲ. ಆಗಸ್ಟಿನಲ್ಲಿ ಸೋನಿ ಅಲ್ಲಿ 50 ಡಾಲರ್ ಏರಿಸಿತು. ವಾಷಿಂಗ್ಟನ್ನಿನಲ್ಲೂ 95ನೆಯ ಅಧ್ಯಾಯದ ಪರವಾಗಿ ಫೋನ್ ಮಾಡುವವರು ಇರಲಿಲ್ಲ ಎಂದಾಯಿತು. ಅದೇ ವರ್ಷದ ಕೊನೆಗೆ ಎಐ ಕೇಂದ್ರಗಳು ಮೆಮೊರಿ ಚಿಪ್ಪನ್ನೆಲ್ಲ ನುಂಗತೊಡಗಿದವು, ಮೈಕ್ರಾನ್ ಕಂಪನಿ ಸಾಮಾನ್ಯ ಗಿರಾಕಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಆಟ ಆಡುವವನ ಕಷ್ಟಕ್ಕೆ ಅಲ್ಲೂ ಯಾರೂ ಧರಣಿ ಕೂರಲಿಲ್ಲ.

ಮೇಕ್ ಇನ್ ಇಂಡಿಯಾ ಬಂದಿದೆ, ಡಬ್ಬಿಯೂ ಇಲ್ಲೇ ತಯಾರಾದೀತು, ತಾಳ್ಮೆ ಇರಲಿ ಎನ್ನುವುದು ಇನ್ನೊಂದು ಆಕ್ಷೇಪ. ನಮ್ಮ ಸೀಮೆಗೆ ತಯಾರಿಸುವ ಶಕ್ತಿ ಇಲ್ಲ ಎಂದು ನಾನೂ ಹೇಳುವುದಿಲ್ಲ. 1887ರಲ್ಲೇ ಗೋಕಾಕದ ಜಲಪಾತದ ನೀರಿನಿಂದ ಗಿರಣಿ ತಿರುಗಿಸಿದ ಊರು ನಮ್ಮದು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಏಕಸ್ ಕಂಪನಿಯವರ ಆವರಣದಲ್ಲಿ ಏರ್‌ಬಸ್ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಆಕಾಶದಲ್ಲಿ ಹಾರುವುದನ್ನು ಮಾಡುವವರಿಗೆ ಟಿವಿಯ ಕೆಳಗೆ ಕೂರುವುದನ್ನು ಮಾಡಲು ಬರುವುದಿಲ್ಲವೇ? ಬರುತ್ತದೆ, ಮಾಡಿ ಎಂದು ಯಾರೂ ಹೇಳಿಲ್ಲ ಅಷ್ಟೇ. ಉತ್ಪಾದನೆಗೆ ಪ್ರೋತ್ಸಾಹಧನ ಕೊಡುವ ಪಿಎಲ್‌ಐ ಯೋಜನೆ ಮೊಬೈಲಿಗೆ 2020ರಲ್ಲಿ ಬಂತು. 2023ರ ಮೇನಲ್ಲಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಸರ್ವರುಗಳ ಎರಡನೆಯ ಸುತ್ತಿಗೆ 17,000 ಕೋಟಿ ಇಟ್ಟರು. ಡಬ್ಬಿಯ ಹೆಸರು ಆ ಪಟ್ಟಿಯಲ್ಲಿಲ್ಲ. 2020ರ ಆಗಸ್ಟಿನ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಆಟಿಕೆಗಳನ್ನು ಹೊಗಳಿದರು, ಕಂಪ್ಯೂಟರ್ ಆಟಗಳನ್ನೂ ನಮ್ಮವರೇ ಮಾಡಲಿ ಎಂದರು. ಆಟ ಮಾಡುವುದು ಸರಿ, ಅದನ್ನು ಆಡುವುದು ಯಾವುದರಲ್ಲಿ? ಲ್ಯಾಪ್‌ಟಾಪಿಗೆ ಪಕ್ಷಪಾತಿಗಳು ಎಷ್ಟಿದ್ದಾರೆಂದರೆ, 2023ರ ಆಗಸ್ಟ್ 3ರಂದು ಅದರ ಆಮದಿಗೆ ಲೈಸೆನ್ಸ್ ಬೇಕೆಂದು ಆದೇಶ ಬಂದಾಗ ದೇಶವಿದೇಶದಿಂದ ಗಲಾಟೆ ಎದ್ದು ಮರುದಿನವೇ ಅದನ್ನು ಮೂರು ತಿಂಗಳು ಮುಂದೆ ಹಾಕಿದರು. ಡಬ್ಬಿಯ ಸುಂಕ ದುಪ್ಪಟ್ಟಾದ ಮರುದಿನ ಎಲ್ಲರೂ ಎಂದಿನಂತೆ ಚಹಾ ಕುಡಿದರು.

ಕರೆಂಟಿನ ಲೆಕ್ಕವೂ ಉಳಿದಿದೆ. ವಿದ್ಯುತ್ತಿನಲ್ಲಿ ನಮ್ಮ ಕಡೆಯಷ್ಟು ಗಂಭೀರವಾಗಿ ಯಾರೂ ರಾಜಕೀಯ ಮಾಡಿಲ್ಲ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. 2025ರ ಸೆಪ್ಟೆಂಬರಿನಲ್ಲಿ ಅದರ ಆಡಳಿತ ಮಂಡಳಿಯ ಚುನಾವಣೆಗೆ ಜಾರಕಿಹೊಳಿ, ಕತ್ತಿ ಮನೆತನಗಳು ಎದುರುಬದುರು ನಿಂತಾಗ ವಿಧಾನಸಭೆಯ ಚುನಾವಣೆಯೇ ಸಣ್ಣದೆನ್ನಿಸಿತು. ಆದರೆ ಇಷ್ಟೆಲ್ಲ ಕಾದಾಡಿ ತಂದ ಕರೆಂಟಿನಲ್ಲೂ ಡಬ್ಬಿಗೆ ಪಾಲಿಲ್ಲ. ಗೃಹಜ್ಯೋತಿ 200 ಯೂನಿಟ್ಟಿನವರೆಗೆ ಪುಕ್ಕಟೆ ಎನ್ನುತ್ತೇವೆ, ಒಳಗೆ ಹೊಕ್ಕು ನೋಡಿದರೆ ಯೋಜನೆಗೆ ಮುಂಚಿನ ವರ್ಷದ ಸರಾಸರಿ, ಅದರ ಮೇಲೆ ಶೇ 10. ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ 66 ಮಾಫಿ. ಪ್ಲೇಸ್ಟೇಷನ್ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ 24 ಯೂನಿಟ್. ಮನೆಯ ಲೆಕ್ಕ 84ಕ್ಕೆ ಹೋಯಿತು, 18 ಯೂನಿಟ್ಟಿಗೆ ಬಿಲ್ಲು ಬಂತು. ಗ್ಯಾರಂಟಿ ಬರೆದವರು ಫ್ಯಾನನ್ನು ನೆನೆದಿದ್ದಾರೆ, ಮಿಕ್ಸರನ್ನು ನೆನೆದಿದ್ದಾರೆ, ಹುಡುಗನನ್ನು ಮರೆತಿದ್ದಾರೆ.

ಹುಡುಗರನ್ನು ಈ ಆಟಗಳೇ ಹಾಳು ಮಾಡುತ್ತಿವೆ, ಸಿಗದಿದ್ದರೇ ಒಳ್ಳೆಯದು ಎನ್ನುವ ಮಾತಿಗೆ ನಗುತ್ತ ಉತ್ತರಿಸಲು ಆಗುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಪಕ್ಕದ ಕಾಕತಿಯಲ್ಲಿ ಮೊಬೈಲಿನ ಪಬ್‌ಜಿ ಆಟಕ್ಕೆ ಅಡ್ಡಿ ಮಾಡಿದರೆಂದು ಮಗನೇ ತಂದೆಯನ್ನು ಕೊಂದ. ಆ ಸುದ್ದಿ ಓದಿದ ಯಾವ ತಾಯಿಗೂ ನನ್ನ ಸುಂಕದ ಲೆಕ್ಕ ರುಚಿಸಬೇಕಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಆ ಹಾಳು ಬಂದದ್ದು ಮೊಬೈಲಿನಿಂದ, ಎಲ್ಲ ಸರ್ಕಾರಗಳೂ ಎಲ್ಲರ ಕೈಗೂ ಮುಟ್ಟಿಸಲು ಹೆಣಗುತ್ತಿರುವ ಅದೇ ಮೊಬೈಲಿನಿಂದ. ಅದೇ ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ್ದು ಮಕ್ಕಳಿಗಾಗಿ ಅಲ್ಲ, ಚೀನಾದ ಮೇಲಿನ ಸಿಟ್ಟಿಗೆ. ಬೇರೆ ಹೆಸರಿನಲ್ಲಿ 2021ರಲ್ಲಿ ವಾಪಸ್ ಬಂತು, 2022ರಲ್ಲಿ ಮಾಯವಾಯಿತು, 2023ರಲ್ಲಿ ಮತ್ತೆ ಬಂತು. ದುಡ್ಡಿಟ್ಟು ಆಡುವ ರಮ್ಮಿಯಲ್ಲಿ ಜನ ಸಾಲಕ್ಕೆ ಬಿದ್ದು ಸತ್ತರು, ಅದನ್ನು ಪೂರ್ತಿ ನಿಷೇಧಿಸುವ ಕೇಂದ್ರದ ಕಾಯ್ದೆ ಬರಲು 2025ರ ಆಗಸ್ಟ್ ಆಗಬೇಕಾಯಿತು. ಮೊಬೈಲು ಚಾದರದೊಳಗೆ ಹೋಗುತ್ತದೆ, ಹೊಲಕ್ಕೆ ಹೋಗುತ್ತದೆ, ನಡುರಾತ್ರಿ ಎರಡಕ್ಕೂ ಎಚ್ಚರ ಇರುತ್ತದೆ. ಡಬ್ಬಿಗೆ ಟಿವಿ ಬೇಕು, ಟಿವಿ ಇರುವುದು ಪಡಸಾಲೆಯಲ್ಲಿ, ಪಡಸಾಲೆಯಲ್ಲಿ ಅಜ್ಜಿ ಇದ್ದಾಳೆ. ಏಳು ಗಂಟೆಗೆ ಧಾರಾವಾಹಿ ಶುರುವಾದರೆ ಯಾವ ಶೂರನ ಯುದ್ಧವಾದರೂ ಅರ್ಧಕ್ಕೆ ನಿಲ್ಲಬೇಕು. ಕೇಂದ್ರ ಸರ್ಕಾರದ ಯಾವ ನಿಯಂತ್ರಣ ಪ್ರಾಧಿಕಾರಕ್ಕೂ ಈ ಅಧಿಕಾರವಿಲ್ಲ.

ಮಾರುಕಟ್ಟೆ ಸಣ್ಣದು, ಅದಕ್ಕೇ ಕಂಪನಿಗಳು ಬರುವುದಿಲ್ಲ, ಅದಕ್ಕೇ ಸರ್ಕಾರ ನೋಡುವುದಿಲ್ಲ ಎಂಬ ಕೊನೆಯ ಸಮಾಧಾನವೂ ಇದೆ. ತುಟ್ಟಿಯಾಗಿಟ್ಟರೆ ಮಾರುಕಟ್ಟೆ ಸಣ್ಣದೇ ಇರುತ್ತದೆ, ಇದಕ್ಕೆ ಅರ್ಥಶಾಸ್ತ್ರಜ್ಞ ಬೇಕಿಲ್ಲ. ಬೇಕಾಗಿರುವುದು ಕೇಳುವವರು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಡೆದಾಗ ಅಭ್ಯರ್ಥಿಗಳು ಮನೆ ಬಾಗಿಲಿಗೆ ಬರುತ್ತಾರೆ. ಕೈಮುಗಿದು ಏನು ಬೇಕು ಎಂದು ಕೇಳಿದಾಗ ಕಾಲುವೆ ನೀರು, ಕಬ್ಬಿನ ಬಾಕಿ, ರಸ್ತೆ, ಇವನ್ನೆಲ್ಲ ಮೊದಲು ಹೇಳಿ, ಅವೇ ಮುಖ್ಯ. ಚಹಾ ಕುಡಿದು ಏಳುವ ಹೊತ್ತಿಗೆ ಇದನ್ನೂ ಸೇರಿಸಿ: 9504ರಲ್ಲಿ ಇಸ್ಪೀಟಿಗೆ ಇರುವ ಶೇ 5 ವಿಡಿಯೋ ಗೇಮಿಗೂ ಆಗಬೇಕು ಸಾಹೇಬ್ರ. ಜಿಎಸ್‌ಟಿ ಜಿಲ್ಲಾ ಪಂಚಾಯಿತಿಯ ಕೈಯಲ್ಲಿಲ್ಲ ಎಂಬುದು ನನಗೆ ಗೊತ್ತಿದೆ. ಅಭ್ಯರ್ಥಿಗೆ ಗೊತ್ತಿರಲಿಕ್ಕಿಲ್ಲ, ಆಗಲಿ ಮಾಡೋಣು ಎಂದುಬಿಡುತ್ತಾರೆ. ಆ ಮಾತನ್ನು ಮಾತ್ರ ದಯವಿಟ್ಟು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.